ನೀರಿನ ಸೊಕ್ಕು

ಮೀನು ಸಾಕುವ ವಿಚಾರ ನಮ್ಮ ಮನೆತನದಲ್ಲಿ ಯಾರಿಗೂ ಕನಸಿನಲ್ಲಿಯೂ ಹೊಳೆದದ್ದಲ್ಲ. ಯಳವತ್ತಿ ಲಕ್ಷ್ಮೇಶ್ವರ ಸೀಮೆಯ ಊರು. ಎರೆಹೊಲ, ಬಿಳಿಜೋಳ, ಹತ್ತಿ, ಕಡಲೆ, ಇಷ್ಟೇ ನಮ್ಮ ಲೋಕ. ಮಳೆ ಮುನಿದ ವರ್ಷ ಬಾವಿಯ ತಳ ಕಾಣುವ ಈ ನೆಲದಲ್ಲಿ ೪೦ ಲೀಟರು ನೀರನ್ನು ಬರಿ ನೋಡುವುದಕ್ಕೆಂದು ಗಾಜಿನ ಪೆಟ್ಟಿಗೆಯಲ್ಲಿ ತುಂಬಿಡುವುದು ನಮ್ಮ ಹಿರಿಯರ ಲೆಕ್ಕದಲ್ಲಿ ಶುದ್ಧ ದುಂದು. ಆದರೂ ಅಂಥದೊಂದು ಪೆಟ್ಟಿಗೆ ನಮ್ಮ ಪಡಸಾಲೆಗೆ ಬಂದು ಕುಳಿತಿದೆ. ಮಗನಿಗೆ ಪುಣೆಗೆ ವರ್ಗವಾದಾಗ ಎಂಟು ವರ್ಷದ ಮೊಮ್ಮಗಳು ತನ್ನ ಮೀನನ್ನು ನನ್ನ ವಶಕ್ಕೊಪ್ಪಿಸಿ ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತಿದಳು. ಅಂದಿನಿಂದ ಪ್ರತಿ ಸಂಜೆ ಫೋನಿನಲ್ಲಿ ಒಂದೇ ಪ್ರಶ್ನೆ: “ಅಜ್ಜಾ, ಅದು ಉಂಡಿತೇನು?”

ನಾಲ್ಕು ದಿನದಿಂದ ಅದು ಉಂಡಿರಲಿಲ್ಲ. ಮಗುವಿಗೆ ಸುಳ್ಳು ಹೇಳುವುದೂ ಆಗದು, ನಿಜ ಹೇಳುವುದೂ ಆಗದು.

ಅದು ಫೈಟರ್ ಜಾತಿಯ ಗಂಡುಮೀನು. ಥೈಲೆಂಡಿನ ಕಡೆಯ ಭತ್ತದ ಗದ್ದೆ, ಕೆಸರುಹೊಂಡಗಳು ಅದರ ತೌರು. ನಿಂತ ನೀರಿನಲ್ಲಿ ಉಸಿರು ಸಾಲದಾದಾಗ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಲು ಕಿವಿರುಗಳ ಮೇಲ್ಗಡೆ ಅದಕ್ಕೆ ಬೇರೊಂದು ಅಂಗವಿದೆ. ಸಾಲದ್ದಕ್ಕೆ ಮನುಷ್ಯ ತನ್ನ ಶೋಕಿಗಾಗಿ ಅದರ ಈಜುರೆಕ್ಕೆಗಳನ್ನು ಇಳಕಲ್ಲ ಸೀರೆಯ ಸೆರಗಿನಂತೆ ಉದ್ದ ಬೆಳೆಸಿದ್ದಾನೆ. ಇಂಥ ಸೆರಗು ಹೊತ್ತವನಿಗೆ ಮಗನು ಹೋಗುವಾಗ ಕೊಡಿಸಿದ ಹೊಸ ಫಿಲ್ಟರು ಗಂಟೆಗೆ ೩೦೦ ಲೀಟರಿನದೆಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಅದರ ಮೂತಿಯಿಂದ ಹೊರಟ ಸೆಳವು ಎದುರಿನ ಗಾಜಿಗೆ ಬಡಿದು ತಿರುಗುತ್ತಿತ್ತು. ಮೀನು ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಗಿಡದ ಮರೆಗೆ ಒತ್ತಿಕೊಂಡು ನಿಂತಿರುತ್ತಿತ್ತು. ಕಾಳು ಹಾಕಿದರೆ, ಅದು ಬಾಯಿ ತೆರೆಯುವಷ್ಟರಲ್ಲಿ ಕಾಳು ಊರು ಸುತ್ತಲು ಹೊರಟಿರುತ್ತಿತ್ತು.

“ಕುಡಿಯಾಕ ನೀರ ಸಾಲಂಗಿಲ್ಲ, ನೀವು ಮೀನಿಗೆ ಹಳ್ಳ ಹರಸಾಕತ್ತೀರಿ ನೋಡ್ರಿ” ಎಂದಳು ನಮ್ಮಾಕೆ. ಇದ್ದ ನೀರೇ ಸುತ್ತುತ್ತದೆ, ಹೊಸದು ಬೇಡ ಎಂದು ತಿಳಿಸಿ ಹೇಳಿದೆ. “ಹಂಗಾರ ಗಾಣದೆತ್ತ ಅನ್ರಿ” ಎಂದು ಒಳಗೆ ಹೋದಳು.

ನಿಲ್ಲಿಸಿಬಿಡಬಹುದಲ್ಲ ಎಂದು ಓದುಗರು ಕೇಳಬಹುದು. ಆಗದು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿ, ಆಮೇಲೆ ಅಷ್ಟಾಗಿ ಬಾಧಿಸದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅವಕ್ಕೆ ಪ್ರಾಣವಾಯು ಬೇಕು. ಅದನ್ನು ತರುವುದು ಹರಿಯುವ ನೀರು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ೧೮೫೦ರಲ್ಲಿ ಪಂಪಿನ ಗೊಡವೆಯಿಲ್ಲದೆ ಹಸಿರು ಜಲಸಸ್ಯ, ಬಸವನಹುಳುಗಳ ನೆರವಿನಿಂದಲೇ ಮೀನುಗಳನ್ನು ಬದುಕಿಸಿ ತೋರಿಸಿದ. ಆದರೆ ನಮ್ಮದು ಪ್ಲಾಸ್ಟಿಕ್ಕಿನ ಗಿಡ! ಅಂತೂ ಸ್ಪಂಜಿನವರಿಗೆ ಹರಿವು ಬೇಕು, ಮೀನಪ್ಪನಿಗೆ ನಿಲುಗಡೆ ಬೇಕು. ಈ ಇಬ್ಬರು ಒಕ್ಕಲುಗಳ ನಡುವೆ ನಾನು ಪಂಚನಾದೆ.

ಮೊದಲು ಅಳತೆ ಆಗಲೆಂದು, ಫಿಲ್ಟರಿನ ಮೂತಿಯನ್ನು ನೀರಿನಿಂದ ತುಸು ಮೇಲೆತ್ತಿ ಲೀಟರಿನ ಚೊಂಬು ಹಿಡಿದು ಗಡಿಯಾರ ನೋಡಿದೆ. ಚೊಂಬು ತುಂಬಲು ೧೫ ಸೆಕೆಂಡು. ಅಂದರೆ ಗಂಟೆಗೆ ೨೪೦ ಲೀಟರು. ಡಬ್ಬಿಯ ಮಾತಿಗೂ ಚೊಂಬಿನ ಮಾತಿಗೂ ೬೦ ಲೀಟರಿನ ಅಂತರ. ಪೆಟ್ಟಿಗೆಯ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರನ್ನು ಹಾಯ್ದರೆ ಸಾಕೆಂಬುದು ಬಲ್ಲವರ ರೂಢಿ. ನಮ್ಮದು ಆರು ಸಲ ಹಾಯುತ್ತಿತ್ತು. ಮೂತಿಯ ತಿರುಪನ್ನು ಪೂರ್ತಿ ಬಿಗಿದು ಅಳೆದರೆ ೩೬ ಸೆಕೆಂಡು, ಗಂಟೆಗೆ ೧೦೦ ಲೀಟರು. ಎರಡೂವರೆ ಸಲ ಮಾತ್ರ. ಆದರೂ ಮೀನು ಮೂಲೆ ಬಿಡಲಿಲ್ಲ. ನೀರು ಕಡಿಮೆಯಾಗಿತ್ತು ನಿಜ, ಅದರ ಮೊನೆ ಮಾತ್ರ ಹಾಗೆಯೇ ಚೂಪಾಗಿತ್ತು.

ನಮ್ಮಣ್ಣ ಆ ದಿನ ಹೊಲದಿಂದ ಬಂದವನು ಹೆಗಲ ಮೇಲಿನ ವಲ್ಲಿಯನ್ನೂ ಇಳಿಸದೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಎಪ್ಪತ್ತೆಂಟರ ಮುದುಕ, ಮೀನಿನ ಗಂಧ ತಿಳಿಯದವನು. ಬಹಳ ಹೊತ್ತು ನೋಡಿ ಹೇಳಿದ: “ಪೈಪಿನ ಬಾಯಿಗೆ ಹೆಬ್ಬಟ್ಟ ಒತ್ತಿದರ ನೀರ ಸಿಡೀತೈತಿ, ಹೌದಿಲ್ಲೋ? ನೀ ಅದನ್ನ ಮಾಡಾಕತ್ತೀದಿ. ಬೋರಿನ ನೀರ ಮಡಿಗೆ ಬೀಳೋಕಡೆ ಮಣ್ಣ ಕೊಚ್ಚಬಾರದಂತ ನಾವು ಹಾಸಗಲ್ಲ ಇಡತೀವಿ, ಗೋಣಿಚೀಲ ಕಟ್ಟತೀವಿ. ನೀರ ಕಮ್ಮಿ ಮಾಡಬ್ಯಾಡೋ ತಮ್ಮಾ, ನೀರಿನ ಸೊಕ್ಕ ಮುರಿ.”

ಫಿಲ್ಟರುಗಳ ಕುರಿತು ನಾನು ಓದಿದ ಯಾವ ಬರಹವೂ ಇಷ್ಟು ಚೊಕ್ಕಾಗಿ ಹೇಳಿರಲಿಲ್ಲ. ತಿರುಪನ್ನು ಪೂರ್ತಿ ಸಡಿಲಿಸಿದೆವು. ಮೂತಿಗೆ ಒರಟು ಸ್ಪಂಜಿನ ಕುಲಾವಿ ತೊಡಿಸಿ, ಅದನ್ನು ಹಿಂದಿನ ಗಾಜಿನ ಕಡೆ ತಿರುಗಿಸಿದೆವು. ಕುಲಾವಿಯನ್ನು ಹೊಲಿದವಳು, ಗಾಣದೆತ್ತೆಂದು ನಕ್ಕವಳೇ. ಚೊಂಬಿಗೆ ಈಗ ೨೦ ಸೆಕೆಂಡು. ಗಂಟೆಗೆ ೧೮೦ ಲೀಟರು, ನಾಲ್ಕೂವರೆ ಸಲ. ನೀರಿನ ಮೇಲ್ಮೈಯಲ್ಲಿ ಸಣ್ಣ ನಡುಕ ಮಾತ್ರ. ಒಳಗೆ ತೇಲುವ ಧೂಳಿನ ಕಣವೂ ಅವಸರ ಬಿಟ್ಟಿತ್ತು.

ಮರುದಿನ ಮಧ್ಯಾಹ್ನ ಮೀನು ಮೂಲೆಯಿಂದ ಹೊರಬಂತು. ಸಂಜೆ ಎರಡು ಕಾಳು ನುಂಗಿತು. ಮೂರನೆಯದನ್ನು ಉಗುಳಿ, ಯೋಚಿಸಿ, ಮತ್ತೆ ನುಂಗಿತು. ಫೋನಿಗೆ ಕಾಯದೆ ನಾನೇ ಪುಣೆಗೆ ಕರೆ ಮಾಡಿದೆ. ವಾರದೊಳಗೆ ನೀರಿನ ಮೇಲೆ, ಕುಲಾವಿಯಿಂದ ದೂರದ ಮೂಲೆಯಲ್ಲಿ, ಸಾಬೂನಿನ ನೊರೆಯಂಥ ಸಣ್ಣ ಗುಳ್ಳೆಗಳ ಗುಂಪು ಕಂಡಿತು. ಗಂಡುಮೀನು ಬರಲಿರುವ ಮರಿಗಳಿಗಾಗಿ ಕಟ್ಟುವ ಗೂಡು ಅದು. ಹೆಣ್ಣು ಹತ್ತಿರವಿಲ್ಲದಿದ್ದರೂ ಕಟ್ಟುತ್ತದೆ. ಸೆಳವಿದ್ದಲ್ಲಿ ಆ ಗೂಡು ನಿಲ್ಲದು. ಅಣ್ಣನಿಗೆ ತೋರಿಸಿದೆ. “ಮನಿ ಕಟ್ಯಾನ, ಇನ್ನ ಹೆಣ್ಣ ನೋಡ್ರಿ” ಎಂದ.

ಆದರೆ ಈ ಲೆಕ್ಕ ಒಮ್ಮೆ ಮಾಡಿ ಮುಗಿಯುವಂಥದಲ್ಲ. ನಮ್ಮ ಬೋರಿನ ನೀರು ಗಡಸು. ಹಂಡೆಗೆ ಹತ್ತುವ ಬಿಳಿ ಸುಣ್ಣದ ಪದರು ಪಂಪಿನ ಚಕ್ರಕ್ಕೂ ಹತ್ತುತ್ತದೆ. ಸ್ಪಂಜಿನಲ್ಲಿ ಕಸವೂ ಕೂಡುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಚೊಂಬು ಹಿಡಿಯುತ್ತೇನೆ. ಚಕ್ರವನ್ನು ಲಿಂಬೆರಸದಲ್ಲಿ ನೆನೆಯಿಟ್ಟು ಚೆನ್ನಾಗಿ ತೊಳೆಯಬೇಕು. ಸ್ಪಂಜನ್ನು ಮಾತ್ರ ಪೆಟ್ಟಿಗೆಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಕ್ಲೋರಿನ್ ಬೆರೆತ ನಳದ ನೀರು ತಾಗಿದರೆ ಒಳಗಿನ ಒಕ್ಕಲೇ ನಾಶವಾದೀತು. ಹಿಂಡಿದ ಕಂದುನೀರಿಗೆ ನಮ್ಮಾಕೆ ಬಕೆಟ್ಟು ಹಿಡಿದು ನಿಂತಿರುತ್ತಾಳೆ. ಹಿತ್ತಲಿನ ಕರಿಬೇವಿಗೆ ಅದು ಒಗ್ಗಿದೆಯಂತೆ.

ಕಳೆದ ವಾರ ಎಣಿಸಿದಾಗ ೨೬ ಸೆಕೆಂಡು ಬಂತು. ನಾಳೆ ಲಿಂಬೆಹಣ್ಣು ತರಬೇಕು.