ಹಿಟ್ಟು ಮೆತ್ತಿದ ಚೀಟಿ

‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರಿನ ಕೊನೆಗೆ. ನಾನೂ ಅಕ್ಕನೂ ಅದನ್ನು ನೋಡಿದ್ದು ಮರುವರ್ಷ, ಬೀದರಿನ ಟಾಕೀಸೊಂದರಲ್ಲಿ. ಹಿಂದಿ ಸಿನಿಮಾ ನೋಡಿಯೇ ಬೆಳೆದ ಬಗದಲಿನ ಹೆಣ್ಣುಮಕ್ಕಳು ನಾವು. ಕನ್ನಡ ಸಿನಿಮಾಕ್ಕೆಂದು ಬಸ್ಸು ಹತ್ತಿದ್ದೇ ಮನೆಯಲ್ಲೊಂದು ಸುದ್ದಿ. ಅದೂ ಮಳೆಯ ಸಿನಿಮಾ! ನಮ್ಮ ಕಡೆ ಮುಂಗಾರೆಂದರೆ ಹೆಸರು, ಉದ್ದು ಬಿತ್ತುವ ಗಡಿಬಿಡಿ. ಮಳೆಯಲ್ಲಿ ನೆನೆಯುತ್ತ ಹಾಡುವವರನ್ನು ಕಂಡಿದ್ದರೆ ನಮ್ಮವ್ವ ಬೈದು ಒಳಗೆ ಎಳೆದು ತಲೆ ಒರೆಸುತ್ತಿದ್ದಳು.

ಯೋಗರಾಜ ಭಟ್ಟರು ನಿರ್ದೇಶಿಸಿದ ಆ ಕಥೆ ನಿಮಗೆ ಗೊತ್ತಿರುವುದೇ. ಹುಡುಗಿಯನ್ನು ನೋಡುತ್ತ ನೋಡುತ್ತ ಗುಂಡಿಗೆ ಬೀಳುವ ಪ್ರೀತಮ್, ಮಡಿಕೇರಿಗೆ ಹೋದರೆ ಆ ನಂದಿನಿಗೆ ಆಗಲೇ ಮದುವೆ ಗೊತ್ತಾಗಿದೆ. ಬಾಯಿಬಡುಕ ಗಣೇಶ್, ಜೊತೆಗೆ ದೇವದಾಸನೆಂಬ ಮೊಲ. ನಗಿಸಿ ನಗಿಸಿ, ಅವಳೂ ಒಲಿದ ಮೇಲೆ, ಮದುವೆಯ ಗಂಡಿಗೇ ಅವಳನ್ನು ಬಿಟ್ಟುಕೊಟ್ಟು ಹೊರಡುತ್ತಾನೆ. ಟಾಕೀಸು ಮೂಗೊರೆಸಿಕೊಂಡಿತು. ನನಗೆ ಮಾತ್ರ ನೆನಪಾದದ್ದು ಹಿಟ್ಟಿನ ಡಬ್ಬಿ.

ಆಗ ನಾನು ಪಿಯುಸಿ. ಸೋದರತ್ತೆಯ ಮಗ ಲೂನಾ ಮೇಲೆ ಬಂದನೆಂದರೆ ನಾನು ಕಾರಣವಿಲ್ಲದೆ ಎರಡೆರಡು ಸಲ ಮುಖ ತೊಳೆಯುತ್ತಿದ್ದೆ. ಅವನು ಕರೆಯುತ್ತಿದ್ದುದು ‘ಏ ಸಣ್ಣಾಕಿ’ ಎಂದು. ಒಂದು ದಿನ ಹಿತ್ತಲಲ್ಲಿ ನಿಲ್ಲಿಸಿ, ಮಡಚಿದ ಚೀಟಿಯೊಂದನ್ನು ಕೈಗಿಟ್ಟ. ಎದೆ ಬಾಯಿಗೆ ಬಂತು. “ಅಕ್ಕಗ ಕೊಡು, ಯಾರಿಗೂ ಹೇಳಬ್ಯಾಡ” ಎಂದ.

ಆ ಚೀಟಿಯನ್ನು ಎರಡು ದಿನ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟೆ. ಒಲೆಗೆ ಹಾಕಬೇಕೆಂದು ಎರಡು ಸಲ ತೆಗೆದೆ. ಓದಲಿಲ್ಲ ಎಂದರೆ ಸುಳ್ಳಾದೀತು. ಓದಿದ್ದರಿಂದಲೇ ಕೊಟ್ಟೆನೇನೋ, ಅದರಲ್ಲಿ ನನ್ನ ಹೆಸರು ಒಂದು ಕಡೆಯೂ ಇರಲಿಲ್ಲ. “ಇದಕ್ಕ ಹಿಟ್ಟು ಯಾಕ ಹತ್ಯಾದ?” ಅಂದಳು ಅಕ್ಕ. ರೊಟ್ಟಿ ಬಡಿಯುತ್ತಿದ್ದೆ ಎಂದೆ. ಮುಂದಿನ ಬೇಸಿಗೆಗೆ ಅವರ ಮದುವೆ. ಅರಿಶಿಣ ಕಲಸಿದವಳು ನಾನೇ.

ಬಹಳ ವರ್ಷ ನಾನೇನೋ ತ್ಯಾಗ ಮಾಡಿದೆನೆಂದು ಒಳಗೊಳಗೇ ಬೀಗಿದ್ದುಂಟು. ಪ್ರೀತಮ್‌ನನ್ನು ನೋಡಿದಾಗ ಆ ಗಾಳಿ ಇಳಿಯಿತು. ಅವನು ಸಿಕ್ಕಿದ್ದನ್ನು ಬಿಟ್ಟ. ನನಗೆ ಸಿಕ್ಕಿದ್ದಾದರೂ ಏನು, ಬಿಡಲಿಕ್ಕೆ? ಅವನ ಮೇಲೂ ನನಗೊಂದು ತಕರಾರಿದೆ: ಬಿಟ್ಟುಕೊಡುವ ಮುಂಚೆ ನಂದಿನಿಯನ್ನು ಒಂದು ಮಾತು ಕೇಳಬಾರದಿತ್ತೆ? ಅವಳೇನು ಬೀದರಿನ ಹೂದಾನಿಯೇ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಲಿಕ್ಕೆ? ಡಬ್ಬಿಯ ಮುಂದೆ ನಿಂತಾಗ ಅಕ್ಕನಿಗೇನು ಬೇಕು ಎಂದು ನಾನೂ ಕೇಳಿರಲಿಲ್ಲ, ಆ ಮಾತು ಬೇರೆ.

ಕೊನೆಗೆ ಮೊಲ ಸತ್ತಾಗ ಅಕ್ಕ ಬಿಕ್ಕಿದಳು. ನನ್ನ ಕಡೆ ತಿರುಗಿ, “ನೀ ಯಾಕ ಅಳಲತ್ತೀ?” ಎಂದಳು.

“ಮೊಲ ಸತ್ತದಲ್ಲಾ” ಎಂದೆ.

ಹೊರಗೆ ಭಾವ ಕಾಯುತ್ತಿದ್ದ. ತಲೆ ಅರ್ಧ ಬೋಳು, ಕೈಯಲ್ಲಿ ಬಿಸಿ ಭಜಿಯ ಪೊಟ್ಟಣ. “ಹ್ಯಾಂಗಿತ್ತು ಸಣ್ಣಾಕಿ, ಸಿನಿಮಾ?”

“ಭಾಳ ಉದ್ದ ಆಯ್ತು” ಎಂದು ಮೊದಲ ಭಜಿ ನಾನೇ ತೆಗೆದುಕೊಂಡೆ.