ಮೀಸೆಯಿಲ್ಲದ ನಾನು

ಶಾಲೆಯ ತಾರಸಿ. ಮೂವರು ಹುಡುಗರು ಮಧ್ಯಾಹ್ನದ ಊಟಕ್ಕೆ ಸೇರಿದ್ದಾರೆ. ಅವರಲ್ಲೊಬ್ಬ ತಾಕಿ, ಟೋಕಿಯೋದವನು. ಆವತ್ತು ಅವನ ಮೈಯೊಳಗೆ ಇರುವುದು ಮಾತ್ರ ದೂರದ ಬೆಟ್ಟದೂರಿನ ಮಿತ್ಸುಹಾ ಎಂಬ ಹುಡುಗಿ. ದಾರಿ ತಪ್ಪಿ ತಡವಾಗಿ ಬಂದವಳು ಸಮಜಾಯಿಷಿ ಕೊಡಲು ‘ವತಾಶಿ’ ಎಂದು ಶುರುಮಾಡುತ್ತಾಳೆ. ಗೆಳೆಯರ ಹುಬ್ಬು ಗಂಟಾಗುತ್ತದೆ. ಮರ್ಯಾದೆ ಸಾಲದೇನೋ ಎಂದು ‘ವತಾಕುಶಿ’ ಅನ್ನುತ್ತಾಳೆ. ಅವರಿಗೆ ಇನ್ನಷ್ಟು ಗಲಿಬಿಲಿ. ‘ಬೊಕು’? ಊಹೂಂ. ಕೊನೆಗೆ ಹೆದರುತ್ತಾ ‘ಒರೆ’ ಅಂದಾಗ ಇಬ್ಬರೂ ತಲೆಯಾಡಿಸುತ್ತಾರೆ. ಹ್ಞಾಂ, ಇವನು ನಮ್ಮ ತಾಕಿಯೇ.

2016ರಲ್ಲಿ ಬಂದ ‘ಕಿಮಿ ನೊ ನಾ ವಾ’ ಅನ್ನುವ ಜಪಾನಿ ಅನಿಮೆ ಚಿತ್ರ ಅದು. ಮಕೊಟೊ ಶಿಂಕಾಯ್ ನಿರ್ದೇಶನ. ಇಂಗ್ಲಿಷಿನಲ್ಲಿ ‘ಯುವರ್ ನೇಮ್’. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು ಹೊಟ್ಟೆ ಹಿಡಿದು ನಗುತ್ತಿದ್ದಳು, ಸಬ್‌ಟೈಟಲ್ ಓದುತ್ತಿದ್ದ ನನಗೆ ಏನೂ ಹೊಳೆದಿರಲಿಲ್ಲ. ಚಿತ್ರ ನಿಲ್ಲಿಸಿ ವಿವರಿಸಿದಳು: ಆ ನಾಲ್ಕಕ್ಕೂ ಅರ್ಥ ‘ನಾನು’ ಎಂದೇ. ಹುಡುಗಿಯರು ಸಾಮಾನ್ಯವಾಗಿ ಹೇಳುವುದು ಒಂದು, ದೊಡ್ಡವರೆದುರು ತಗ್ಗಿ ಹೇಳುವುದು ಒಂದು, ಮೆದು ಹುಡುಗರದ್ದೊಂದು, ಗೆಳೆಯರ ನಡುವೆ ಗಂಡುಹುಡುಗರು ಎದೆಯುಬ್ಬಿಸಿ ಹೇಳುವ ‘ಒರೆ’ ಒಂದು. ನಮ್ಮಲ್ಲಿ ಒರೆ ಎಂದರೆ ಕತ್ತಿಯನ್ನು ತುರುಕಿಡುವ ಕವಚ. ಆಕಸ್ಮಿಕವೇ ಇರಬಹುದು, ಆದರೂ ಅಷ್ಟು ಸರಿಯಾಗಿ ಹೊಂದುವ ಆಕಸ್ಮಿಕ ಅಪರೂಪ.

ಇದಕ್ಕೆ ಕನ್ನಡದ ಸಬ್‌ಟೈಟಲ್ ಮಾಡಿದರೆ ನಾನು, ನಾನು, ನಾನು, ನಾನು ಅಷ್ಟೆ. ನಮ್ಮ ‘ನಾನು’ಗೆ ಮೀಸೆಯೂ ಇಲ್ಲ, ಜಡೆಯೂ ಇಲ್ಲ. ‘ಬಂದೆ’ ಅಂದವರು ಗಂಡೋ ಹೆಣ್ಣೋ ವ್ಯಾಕರಣ ಹೇಳುವುದಿಲ್ಲ. ಅದು ಬಾಯಿ ಬಿಡುವುದು ಇನ್ನೊಬ್ಬರು ನಮ್ಮ ಬಗ್ಗೆಯೋ ನಮ್ಮೊಡನೆಯೋ ಮಾತಾಡಿದಾಗ: ಬಂದ, ಬಂದಳು, ಬಾರೋ, ಬಾರೇ. ಮೊದಲ ಪ್ಯಾರಾ ಬರೆಯುವಾಗ ನಾನೇ ಎರಡು ಸಲ ‘ಅವನು’ ಹೊಡೆದುಹಾಕಿ ‘ಅವಳು’ ಮಾಡಿದ್ದೇನೆ.

ಮೀಸೆಯಿಲ್ಲದ ಈ ನಾನುವಿನ ಮರೆಯಲ್ಲಿ ನಾನೂ ಮೂರ್ನಾಲ್ಕು ವರ್ಷ ಅಮ್ಮನಾಗಿ ಬದುಕಿದ್ದೇನೆ.

ತಿಪಟೂರಿನ ನಮ್ಮ ಮನೆಗೆ ಫೋನು ಬಂದಾಗ ನನಗೆ ಹತ್ತು ವರ್ಷ. ಅಪ್ಪನದು ಕೊಬ್ಬರಿ ದಲಾಲಿ. ಹಗಲೆಲ್ಲ ಮಂಡಿಯಲ್ಲಿರುತ್ತಿದ್ದರು. ಫೋನು ಎತ್ತಿದರೆ ಆ ಕಡೆಯಿಂದ “ಅಮ್ಮಾವ್ರೇ, ಯಜಮಾನ್ರು ಇದಾರಾ?” ಮೊದಮೊದಲು ‘ನಾನು ಅವರ ಮಗ’ ಎಂದು ತಿದ್ದುತ್ತಿದ್ದೆ. ತಿದ್ದಿದರೆ ನಗುತ್ತಿದ್ದರು, ಎಷ್ಟನೇ ಕ್ಲಾಸು ಎಂದು ಕೇಳುತ್ತಿದ್ದರು. ಬೇಸತ್ತು ಬಿಟ್ಟುಬಿಟ್ಟೆ. “ಇಲ್ಲ, ಮಂಡಿಗೆ ಹೋಗಿದಾರೆ. ಏನಾದ್ರೂ ಇದ್ರೆ ಹೇಳಿ, ಬಂದ್ಮೇಲೆ ಹೇಳ್ತೀನಿ.” ಇದರಲ್ಲಿ ಸುಳ್ಳೇನೂ ಇಲ್ಲ ನೋಡಿ. ‘ಅಪ್ಪ’ ಅನ್ನುವ ಪದ ಬಾಯಿಗೆ ಬರದಂತೆ ನೋಡಿಕೊಂಡರೆ ಸಾಕು, ಮಿಕ್ಕಿದ್ದನ್ನು ಕನ್ನಡವೇ ಕಾಪಾಡುತ್ತಿತ್ತು.

ಸಿಕ್ಕಿಬಿದ್ದದ್ದು ಹಿಂದಿಯಲ್ಲಿ. ನಮ್ಮೂರ ಕೊಬ್ಬರಿ ಉತ್ತರಕ್ಕೆ ಹೋಗುತ್ತಿದ್ದುದರಿಂದ ದಿಲ್ಲಿಯಿಂದ ಒಬ್ಬ ವ್ಯಾಪಾರಿಯ ಫೋನು ಬರುತ್ತಿತ್ತು. “ಭಾಭೀಜಿ, ಭಾಯಿಸಾಬ್ ಹೈಂ?” ನಾನು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ‘ಬೋಲ್’ ಎಂದು ತೆಗೆದು ಅಲ್ಲಿಯೇ ನಿಂತೆ. ರಹಾ ಹ್ಞೂಂ ಅನ್ನಬೇಕೋ, ರಹೀ ಹ್ಞೂಂ ಅನ್ನಬೇಕೋ. ಆ ಭಾಷೆಗೆ ಉತ್ತರ ಈಗಲೇ ಬೇಕು. ಒಂದು ಕ್ಷಣ ಉಗುಳು ನುಂಗಿ ‘ರಹೀ ಹ್ಞೂಂ’ ಅಂದುಬಿಟ್ಟೆ. ಅವರು ನಿರಾಳವಾಗಿ ಮಾತು ಮುಂದುವರಿಸಿದರು. ನನ್ನ ಕತ್ತಿನ ಹಿಂದೆ ಬೆವರು ಇಳಿಯಿತು. ಒಲೆ ಮುಂದಿದ್ದ ಅಮ್ಮ ದೋಸೆಯ ಮೊಗಚೆಕಾಯಿ ಹಿಡಿದುಕೊಂಡೇ ಹೊರಗೆ ಬಂದು, “ಯಾವ ಭಾಭೀಜಿನೋ ನೀನು?” ಅಂದಳು. ಪ್ರಶ್ನೆಯೊಳಗೇ ಒಂದು ‘ನೋ’ ಸೇರಿಸಿ ನನ್ನನ್ನು ವಾಪಸ್ಸು ಗಂಡು ಮಾಡಿದ್ದಳು.

ಶಿಂಕಾಯ್ ಚಿತ್ರದ ಮೈಬದಲಿನ ಆಟದಲ್ಲಿ ಎಲ್ಲವೂ ನನಗೆ ಹಿಡಿಸಲಿಲ್ಲ. ತಾಕಿ ಹುಡುಗಿಯ ಮೈಯಲ್ಲಿ ಎದ್ದಾಗಲೆಲ್ಲ ಎದೆ ಮುಟ್ಟಿ ನೋಡಿಕೊಳ್ಳುವ ತಮಾಷೆ ಮೊದಲ ಸಲಕ್ಕೇ ಸಾಕಿತ್ತು. ಮಿತ್ಸುಹಾಗೆ ಅಂಥ ಕುತೂಹಲದ ಸಲಿಗೆಯನ್ನು ಚಿತ್ರ ಕೊಡುವುದಿಲ್ಲ, ಶೌಚಾಲಯಕ್ಕೆ ಹೋಗಿ ಬಂದು ನಾಚಿಕೊಳ್ಳುವುದಷ್ಟೇ ಅವಳ ಪಾಲು. ಆದರೆ ಮಿಕ್ಕ ಸಣ್ಣ ಸಣ್ಣ ಸಂಗತಿಗಳು ಬಲು ಚೆನ್ನು. ಹಿಂದಿನಿಂದ ಆಡಿಕೊಳ್ಳುವ ಸಹಪಾಠಿಗಳ ಮುಂದೆ ಮಿತ್ಸುಹಾಳ ಕಾಲು ಮೇಜನ್ನು ಒದ್ದು ಉರುಳಿಸುತ್ತದೆ. ಕಾಲು ಅವಳದೇ, ಒದೆಯಬಹುದು ಎಂಬ ಧೈರ್ಯ ಮಾತ್ರ ತಾಕಿಯದು. ಅತ್ತ ತಾಕಿ ಕೆಲಸ ಮಾಡುವ ಹೋಟೆಲಿನಲ್ಲಿ ಗಿರಾಕಿಯೊಬ್ಬ ಒಕುದೆರಾ ಎಂಬ ಹಿರಿಯ ಸಹೋದ್ಯೋಗಿಯ ಲಂಗವನ್ನು ಬ್ಲೇಡಿನಿಂದ ಸೀಳಿರುತ್ತಾನೆ. ಆವತ್ತು ತಾಕಿಯೊಳಗಿದ್ದ ಮಿತ್ಸುಹಾ ಸೂಜಿ ದಾರ ತೆಗೆದುಕೊಂಡು ಹರಿದ ಜಾಗದಲ್ಲಿ ಹೂವು, ಮುಳ್ಳುಹಂದಿ ಕಸೂತಿ ಹಾಕಿ ಹೊಲಿದುಕೊಡುತ್ತಾಳೆ. ಇವತ್ತಿನ ನೀನೇ ಚೆಂದ ಅನ್ನುತ್ತಾಳೆ ಒಕುದೆರಾ. ಆಮೇಲೆ ನಿಜವಾದ ತಾಕಿ ವಾಪಸು ಬಂದು, ತಾನಲ್ಲದ ತನ್ನನ್ನು ಅವಳು ಮೆಚ್ಚಿದ್ದು ನೋಡಿ ಕಕ್ಕಾಬಿಕ್ಕಿಯಾಗುತ್ತಾನೆ.

ಸೂಜಿಯ ವಿಷಯ ಬಂತಲ್ಲ. ನಮ್ಮ ಬೀದಿಯ ಟೈಲರುಗಳೆಲ್ಲ ಗಂಡಸರೇ. ಕೊರಳಿಗೆ ಟೇಪು, ಕಿವಿ ಸಂದಿಗೆ ಸೀಮೆಸುಣ್ಣ, ಕಾಜಾ ಹೊಲಿಯುವ ಹುಡುಗರು ಸಾಲಾಗಿ ಕೂತಿರುತ್ತಿದ್ದರು. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದರೆ ಅವರ ಅಂಗಿಯದೇ ಗುಂಡಿ ಬಿದ್ದಿದ್ದರೂ ಹೆಂಡತಿ ಹಾಕಿಕೊಡಬೇಕು. ಕೂಲಿ ಸಿಗುವ ಸೂಜಿ ಗಂಡು, ಪುಕ್ಕಟೆ ಸೂಜಿ ಹೆಣ್ಣು.

ಗಂಡು ಹೆಣ್ಣು ಅದಲುಬದಲಾಗುವ ಈ ಕಥೆಯನ್ನು ಜಪಾನಿಗೆ ಅನಿಮೆಯವರೇನೂ ತಂದದ್ದಲ್ಲ. ಹನ್ನೆರಡನೇ ಶತಮಾನದ ‘ತೊರಿಕಾಯೆಬಾಯ ಮೊನೊಗತಾರಿ’ಯಲ್ಲಿ ನಾಚಿಕೆಯ ಮಗ, ಚುರುಕಿನ ಮಗಳು ಇರುವ ಅಪ್ಪ ‘ಇವರನ್ನು ಅದಲುಬದಲು ಮಾಡುವಂತಿದ್ದರೆ’ ಎಂದು ಹಲುಬುತ್ತಾನೆ. ಹೆಸರಿನ ಅರ್ಥವೇ ಅದು. ಮಗಳು ಗಂಡಾಗಿ ಆಸ್ಥಾನದಲ್ಲಿ ಮೇಲೇರುತ್ತಾಳೆ, ಮಗ ಹೆಣ್ಣಾಗಿ ಅಂತಃಪುರ ಸೇರುತ್ತಾನೆ. ಶಿಂಕಾಯ್ ತನ್ನ ಚಿತ್ರಕ್ಕೆ ಇದೂ ಪ್ರೇರಣೆ ಎಂದಿದ್ದಾರೆ. ಆ ಹಳೆಯ ಕಥೆಯಲ್ಲಿ ಮೈ ಬದಲಾಗುವುದೇ ಇಲ್ಲ. ಬಟ್ಟೆ, ಕೆಲಸ, ಜನ ಕರೆಯುವ ರೀತಿ ಬದಲಾದರೆ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. 1982ರ ‘ತೆಂಕೋಸೆಯ್’ ಚಿತ್ರದಲ್ಲಿ ಗುಡಿಯ ಮೆಟ್ಟಿಲಿನಿಂದ ಉರುಳಿದ ಹುಡುಗ ಹುಡುಗಿಯ ಮೈ ಬದಲಾಯಿತು. 1987ರಲ್ಲಿ ಶುರುವಾದ ರುಮಿಕೊ ತಕಾಹಾಶಿಯ ‘ರಾನ್ಮಾ’ ಕಾಮಿಕ್ಸಿನ ಸಮರಕಲೆಯ ಹುಡುಗನಿಗೆ ತಣ್ಣೀರು ಬಿದ್ದರೆ ಹೆಣ್ಣು, ಬಿಸಿನೀರು ಬಿದ್ದರೆ ಗಂಡು. ಒಂದು ಹಂಡೆ ಬಿಸಿನೀರಿನ ದೂರದಲ್ಲಿರುವ ಗಂಡಸುತನ!

ಈ ಕಥೆಗಳಲ್ಲಿ ಒಂದು ಅನುಕೂಲವಿದೆ. ಯಾರ ಮೈಯಲ್ಲಿದ್ದರೂ ತಾಕಿಗೆ ತಾನು ಹುಡುಗ ಎಂಬುದರಲ್ಲಿ ಅನುಮಾನವಿಲ್ಲ, ಮಿತ್ಸುಹಾಗೂ ಅಷ್ಟೆ. ಬೆಳಗಾದರೆ ವಾಪಸ್ಸು ಹೋಗುತ್ತಾರೆ. ನನ್ನ ಫೋನೂ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಹಾಗೆ ಬೇಗ ಮುಗಿಯದವರೂ ಇದ್ದಾರೆ, ದಿನವೂ ತಮ್ಮದಲ್ಲದ ಮೈಯಲ್ಲಿ ಏಳುವವರು. ಅದೇ ಜಪಾನಿನಲ್ಲಿ ಅವರು ಕುಟುಂಬದ ದಾಖಲೆಯಲ್ಲಿ ಲಿಂಗ ತಿದ್ದಿಸಬೇಕಾದರೆ 2003ರ ಕಾನೂನು ಷರತ್ತುಗಳನ್ನು ಹಾಕಿತ್ತು: ಮದುವೆ ಆಗಿರಬಾರದು, ಮಕ್ಕಳಾಗುವ ಶಕ್ತಿ ಇರಬಾರದು. ಸಂತಾನಹರಣದ ಆ ಷರತ್ತು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 2023ರ ಅಕ್ಟೋಬರ್ 25ರಂದು. ತಾಕಿ ಮಿತ್ಸುಹಾರನ್ನು ನೋಡಿ ಥಿಯೇಟರುಗಳು ನಕ್ಕು ಅತ್ತು ಏಳು ವರ್ಷವಾದ ಮೇಲೆ.

ಹದಿನಾಲ್ಕಕ್ಕೆ ನನ್ನ ಗಂಟಲು ಒಡೆಯಿತು. ಫೋನು ಮಾಡುವವರು ಅವರೇ. ನಾನು ಅಮ್ಮನಾಗಿದ್ದಾಗ “ಯಜಮಾನ್ರು ಬರ್ಲಿ ಬಿಡಿ, ಆಮೇಲೆ ಮಾಡ್ತೀವಿ” ಎಂದು ಇಟ್ಟುಬಿಡುತ್ತಿದ್ದವರು, ಈಗ “ಮಗನಾ? ಅಪ್ಪಂಗೆ ಹೇಳಪ್ಪ, ನಾಳೆ ರೇಟು ಇಳಿಯೋ ಹಾಗಿದೆ, ಮಾಲು ಇಟ್ಕೋಬೇಡಿ” ಎಂದು ವಿವರವಾಗಿ ಹೇಳತೊಡಗಿದರು. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು. ರಾತ್ರಿ ಅಪ್ಪನ ಚೀಟಿಗಳನ್ನು ಹರಡಿಕೊಂಡು ಖಾತೆ ಪುಸ್ತಕ ಬರೆಯುತ್ತಿದ್ದದ್ದು ಅಮ್ಮ. ನನಗೆ ಬಂದ ಮಾತನ್ನು ನಾನು ಅವಳಿಗೆ ಒಪ್ಪಿಸುತ್ತಿದ್ದೆ, ಅವಳು ಹಾಂ ಹೂಂ ಅನ್ನದೆ ಬರೆದುಕೊಳ್ಳುತ್ತಿದ್ದಳು. ‘ನಿನ್ನ ದನಿ ಬದಲಾದದ್ದು ಒಳ್ಳೇದಾಯ್ತು’ ಎಂದು ಒಮ್ಮೆ ಅಂದದ್ದು ನೆನಪಿದೆ. ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಅಮ್ಮನಿಗೆ ಈಗ ಎಪ್ಪತ್ತೇಳು. ವಯಸ್ಸಿಗೆ ಗಂಟಲು ಒರಟಾಗಿ ಅವಳ ದನಿ ಇಳಿದಿದೆ. ಮೊನ್ನೆ ಅವಳ ಮೊಬೈಲಿಗೆ ಕೊರಿಯರ್ ಹುಡುಗನ ಫೋನು ಬಂತು, ಸ್ಪೀಕರಿನಲ್ಲಿತ್ತು. “ಸಾರ್, ಗೇಟ್ ಹತ್ರ ಇದೀನಿ ಸಾರ್.” ನಾನು ತಿದ್ದಲು ಬಾಯಿ ತೆರೆದೆ. ಅಮ್ಮ ಕೈಯೆತ್ತಿ ಸುಮ್ಮನಿರಿಸಿ, “ಬಂದೆ ಇರಪ್ಪ” ಅಂದಳು. ಫೋನು ಇಟ್ಟು ಚಪ್ಪಲಿ ಹುಡುಕುತ್ತಾ, “ಸಾರ್ ಅನ್ಕೊಂಡ್ರೆ ಸ್ವಲ್ಪ ಹೊತ್ತು ಕಾಯ್ತಾರೆ ಕಣೋ” ಅಂದಳು.