ಅನುಕೂಲವೂ ಅರ್ಥವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಗಣಕಜಾಲಗಳ ಕೆಲಸದಲ್ಲಿರುವುದು ನಮಗೆ ಸಂತೋಷದ ವಿಷಯ. ಜಾಲದಲ್ಲಿ ಹರಿಯುವ ಸಂದೇಶಗಳನ್ನು ಬಿಡಿಸಿ ತೋರುವ ವೈರ್‌ಷಾರ್ಕ್ ತಂತ್ರಾಂಶವು 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಿಂದ ಹೊರಬಂದಿತು. ಸಂದೇಶದ ತುಣುಕೊಂದಕ್ಕೆ ಹೊರಟ ವಿಳಾಸ, ಸೇರುವ ವಿಳಾಸ ಎಂದು ಎರಡುಂಟಷ್ಟೆ. ಎರಡನ್ನೂ ಒಮ್ಮೆಗೇ ಹುಡುಕಲು ಅದರಲ್ಲಿ ಒಂದೇ ಶೋಧಕಪದವನ್ನು ಇರಿಸಿರುವರು. ಆದರೆ ‘ಈ ವಿಳಾಸವು ಬೇಡ’ ಎಂದು ಕೇಳಿದರೆ, ಎರಡರಲ್ಲೊಂದು ಬೇರೆಯಾಗಿದ್ದರೂ ಸಾಕೆಂದು, ಬೇಡವಾದುದನ್ನೂ ಅದು ಮುಂದಿಡುತ್ತಿತ್ತು. 2021ರ 3.6ನೆಯ ಆವೃತ್ತಿಯಲ್ಲಿ ಈ ತೊಡಕನ್ನು ನಿವಾರಿಸಿದರು.

ಜಾಲದ ದೋಷವು ಯಾರಿಂದಾಯಿತೆಂದು ಇಂಥ ಶೋಧನೆಯಿಂದ ನಿರ್ಣಯಿಸುವಾಗ, ಪದದ ಅರ್ಥವು ಸಡಿಲವಾದರೆ ನಿರಪರಾಧಿಯ ಮೇಲೆ ಆರೋಪ ಬೀಳಬಹುದು. ಆದುದರಿಂದ ನಮ್ಮ ಹುಡುಗಿಯರೇ, ಹೊಸ ಶೋಧಕಪದವನ್ನು ಸೇರಿಸಿ ಇತರರ ಶ್ರಮವನ್ನು ತಗ್ಗಿಸಿರಿ. ಅದು ಏನನ್ನು ಒಳಗೊಳ್ಳುವುದು, ಏನನ್ನು ಬಿಡುವುದು ಎಂಬುದನ್ನು ಮೊದಲು ಪರೀಕ್ಷಿಸಿರಿ.